ದಿನಬಳಕೆಗೆ ಧಾರಾಳ

ಬೆಳಿಗ್ಗೆ ಹತ್ತು ನಲವತ್ತಕ್ಕೆ ಗಾಜಕ್ಕನ ಮೊಬೈಲಿಗೆ ಬಂದ ಅಂಕಿ ತೊಂಬತ್ತಾರು. ಪಕ್ಕದಲ್ಲಿ ಮೂತಿ ಕೆಳಗೆ ಮಾಡಿಕೊಂಡ ಒಂದು ಪುಟ್ಟ ಬಾಣ. ಆಮೇಲೆ ಅಂಕಿಯೂ ಇಲ್ಲ, ಬಾಣವೂ ಇಲ್ಲ.

ಯಾವ ಅಂಕಿ, ಯಾರದು ಎಂದು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಒಂದು ಸಂಖ್ಯೆಗೋಸ್ಕರ ಈ ಹೆಂಗಸು ಇಷ್ಟೊಂದು ಒದ್ದಾಡಬೇಕಿತ್ತೇ ಎಂದು ನೀವು ನಕ್ಕೀರಿ. ಗಾಜಕ್ಕನ ಮಗಳಿಗೆ ಹನ್ನೊಂದು ವರ್ಷ. ಗಾತ್ರ ಚಿಕ್ಕದು, ಖಾರ ಜಾಸ್ತಿ. ಅದಕ್ಕೇ ಮನೆಯವರ ಬಾಯಲ್ಲಿ ಅವಳು ಮೆಣಸು. ಎಂಟನೇ ವಯಸ್ಸಿಗೇ ಅವಳಿಗೆ ಸಕ್ಕರೆ ಕಾಯಿಲೆ ಬಂತು. ದೊಡ್ಡವರಿಗೆ ಬರುವಂಥದ್ದಲ್ಲ, ಮಕ್ಕಳಿಗೆ ಬರುವಂಥದ್ದು, ಇನ್ಸುಲಿನ್ ಇಲ್ಲದೆ ಒಂದು ದಿನವೂ ನಡೆಯದಂಥದ್ದು. ತೋಳಿಗೆ ಕೋಟಿನ ಗುಂಡಿಯಷ್ಟು ದೊಡ್ಡ ಸೆನ್ಸರ್ ಅಂಟಿಸಿರುತ್ತಾರೆ. ರಕ್ತದಲ್ಲಿ ಸಕ್ಕರೆ ಎಷ್ಟಿದೆಯೆಂದು ಅದು ಐದೈದು ನಿಮಿಷಕ್ಕೆ ಮೆಣಸಿನ ಫೋನಿಗೆ ಹೇಳುತ್ತದೆ, ಆ ಫೋನು ಇಂಟರ್ನೆಟ್ಟಿನಲ್ಲಿ ಅಮ್ಮನ ಫೋನಿಗೆ ಹೇಳುತ್ತದೆ. ಎಪ್ಪತ್ತರ ಮೇಲಿದ್ದರೆ ಸರಿ. ಕೆಳಗಿಳಿದರೆ ಕೈ ನಡುಕ, ಬೆವರು. ಇನ್ನೂ ಇಳಿದರೆ ಮಾತು ತೊದಲುತ್ತದೆ, ಕಣ್ಣು ಮೇಲಾಗುತ್ತದೆ. ಹೋದ ವರ್ಷ ಬಚ್ಚಲುಮನೆಯ ನೆಲದ ಮೇಲೆ ಮಗಳು ಹಾಗೆ ಬಿದ್ದಿದ್ದನ್ನು ಗಾಜಕ್ಕ ಕಣ್ಣಾರೆ ಕಂಡಿದ್ದಳು. ಅಲ್ಲಿಂದೀಚೆಗೆ ಆ ಅಂಕಿ ಬಂದರೆ ಅವಳಿಗೆ ಉಸಿರು, ಬರದಿದ್ದರೆ ಇಲ್ಲ.

ಗಾಜಕ್ಕ ಎನ್ನುವುದು ಕೆಲಸದಿಂದ ಬಂದ ಹೆಸರು. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು, ಗಾಜನ್ನು ಫ್ರೇಮಿನ ಆಕಾರಕ್ಕೆ ಅರೆದು, ಕೂರಿಸಿ, ಸಾಸಿವೆಯಷ್ಟು ಸಣ್ಣ ತಿರುಪು ಬಿಗಿದು ಕೊಡುವವಳು ಅವಳು. ಮುಂದಿನ ಕೋಣೆಯಲ್ಲಿ ಯಜಮಾನರು ಕಣ್ಣು ಪರೀಕ್ಷೆ ಮಾಡುತ್ತಾರೆ. ಎಪ್ಪತ್ತು ದಾಟಿದ ಮುದುಕರನ್ನೂ ಬಿಡದೆ ಗೋಡೆಯ ಮೇಲಿನ ಅಕ್ಷರ ಓದಿಸಿ, ತಪ್ಪಿದರೆ ಗದರಿಸುವುದರಿಂದ ಅವರಿಗೆ ಬೀದಿಯೆಲ್ಲ ಕಣ್ಣು ಮೇಷ್ಟ್ರು ಎನ್ನುತ್ತದೆ. ಅವರ ಅಂಗಡಿಯಲ್ಲಿ ಮೊಬೈಲು ಮುಟ್ಟುವಂತಿಲ್ಲ. ಗಾಜಕ್ಕನಿಗೆ ಮಾತ್ರ ರಿಯಾಯಿತಿ; ಅರೆಯುವ ಯಂತ್ರದ ಪಕ್ಕದ ನೀರಿನ ಡಬ್ಬಿಗೆ ಅವಳ ಫೋನು ದಿನವಿಡೀ ಒರಗಿಕೊಂಡಿರುತ್ತದೆ.

ಇನ್ನು ಮೆಣಸಿನ ಫೋನಿನ ಕತೆ. ಅದಕ್ಕೆ ಸಿಮ್ಮು ಹಾಕಿಸುವಾಗ ಗಂಡನದು ಒಂದೇ ಹಠ. ಅವನು ಬಸ್ ಓಡಿಸುವವನು, ದಿನಾ ಫೋನಿಗೆ ತಲೆ ಬಗ್ಗಿಸಿ ರಸ್ತೆ ದಾಟುವ ಮಕ್ಕಳನ್ನು ನೋಡಿ ನೋಡಿ ಬೇಸತ್ತವನು. ಅಂಕಿ ಬರಬೇಕು, ಆದರೆ ಮಗಳು ವಿಡಿಯೊ ನೋಡುತ್ತಾ ಕೂರಬಾರದು ಎಂದ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅದಕ್ಕೆ ದಾರಿ ತೋರಿಸಿದವಳು ಅವನ ತಂಗಿ. ಮೊಬೈಲ್ ಅಂಗಡಿಯ ಕೌಂಟರಿನಲ್ಲಿ ನಿಂತು ದಿನಕ್ಕೆ ನೂರು ಜನಕ್ಕೆ ಪ್ಲಾನು ವಿವರಿಸುವ ನಾದಿನಿ ಗಾಜಕ್ಕನಿಗೂ ಹಾಗೇ ಗಿಣಿಪಾಠ ಒಪ್ಪಿಸಿದಳು.

"ಅತ್ತಿಗೆ, ಇದರಲ್ಲಿ ಡೇಟಾ ಮುಗಿಯೋದೇ ಇಲ್ಲ, ವೇಗ ಮಾತ್ರ ಕಟ್ಟಿ ಹಾಕಿರ್ತಾರೆ. ಮೆಸೇಜು ಹೋಗತ್ತೆ, ನಿಮ್ಮ ಅಂಕಿ ಕಣ್ಣು ಮಿಟುಕಿಸೋದ್ರಲ್ಲಿ ಹೋಗತ್ತೆ. ವಿಡಿಯೊ ಮಾತ್ರ ಆಮೆ. ದಿನಬಳಕೆಗೆ ಧಾರಾಳ."

ಧಾರಾಳವಾಗಿಯೇ ಇತ್ತು, ಸುಳ್ಳು ಯಾಕೆ ಹೇಳಬೇಕು. ಮೂರು ತಿಂಗಳಲ್ಲಿ ಒಂದು ಅಂಕಿಯೂ ತಪ್ಪಿರಲಿಲ್ಲ. ಇವತ್ತು ತಪ್ಪಿತು, ಅದೂ ಮೆಣಸು ಮೊದಲ ಬಾರಿಗೆ ಶಾಲೆಯವರ ಜೊತೆ ಎರಡು ಗಂಟೆ ದೂರದ ತಾರಾಲಯಕ್ಕೆ ಹೋದ ದಿನ.

ಹೋಗುವ ಮುಂಚೆ ತಾಯಿಗೂ ಮಗಳಿಗೂ ಒಂದು ಒಪ್ಪಂದವಾಗಿತ್ತು. ಎಪ್ಪತ್ತರ ಕೆಳಗೆ ಇಳಿಯದೆ ಫೋನು ಮಾಡುವಂತಿಲ್ಲ, ಮೆಣಸಿಗೂ ಇಲ್ಲ, ಟೀಚರಿಗೂ ಇಲ್ಲ. ಒಪ್ಪಂದ ಕೇಳಿದ್ದು ಮೆಣಸು, ಕಾರಣವೂ ಇತ್ತು. ಹೋದ ತಿಂಗಳು ಗೆಳತಿಯ ಮನೆಗೆ ಆಡಲು ಹೋದವಳಿಗೆ ಗಾಜಕ್ಕ ಒಂದು ಗಂಟೆಯಲ್ಲಿ ಐದು ಸಲ ಫೋನು ಮಾಡಿ, ಆರನೆಯದಕ್ಕೆ ತಾನೇ ಹೋಗಿ ಬಾಗಿಲಲ್ಲಿ ನಿಂತಿದ್ದಳು. ಮಾರನೆಯ ದಿನದಿಂದ ತರಗತಿಯ ಮಕ್ಕಳು ಮೆಣಸನ್ನು ಕಂಡರೆ ಆಂಬುಲೆನ್ಸಿನ ಸದ್ದು ಮಾಡತೊಡಗಿದವು. ಮಗಳು ಅಳಲಿಲ್ಲ, ಊಟ ಬಿಡಲಿಲ್ಲ. ಇನ್ನೊಂದು ಸಲ ಹಾಗೆ ಮಾಡಿದರೆ ತೋಳಿನ ಸೆನ್ಸರ್ ಕಿತ್ತು ಚರಂಡಿಗೆ ಎಸೆಯುತ್ತೇನೆ ಎಂದು ತಣ್ಣಗೆ ಹೇಳಿದಳು. ಮೆಣಸು ಆಡಿದ್ದನ್ನು ಮಾಡುವ ಪೈಕಿ. ಗಾಜಕ್ಕನಿಗೆ ಅದು ಗೊತ್ತಿತ್ತು.

ಹತ್ತು ಐವತ್ತಾಯಿತು. ಫೋನಿನ ಪರದೆಯ ಮೇಲೆ ತೊಂಬತ್ತಾರರ ಕೆಳಗೆ 'ಹತ್ತು ನಿಮಿಷದ ಹಿಂದೆ' ಎಂದು ಬೂದು ಅಕ್ಷರ ಬಂತು. ಗಾಜಕ್ಕ ಕೈಯಲ್ಲಿದ್ದ ಗಾಜನ್ನು ಕೆಳಗಿಟ್ಟಳು. ಕೆಳಮುಖದ ಬಾಣವೆಂದರೆ ಇಳಿಯುತ್ತಿದೆ ಎಂದು ಅರ್ಥ. ಐದು ನಿಮಿಷಕ್ಕೆ ಐದಾರು ಇಳಿದರೂ ಇಷ್ಟು ಹೊತ್ತಿಗೆ ಎಂಬತ್ತೈದು. ಬೆಳಿಗ್ಗೆ ಹೋಗುವ ಸಂಭ್ರಮದಲ್ಲಿ ಹುಡುಗಿ ತಟ್ಟೆಯಲ್ಲಿ ಅರ್ಧ ಬಿಟ್ಟಿದ್ದಳು, ಇನ್ಸುಲಿನ್ ಮಾತ್ರ ಪೂರ್ತಿ ತಗೊಂಡಿದ್ದಳು. ಬಸ್ಸಿನಿಂದ ಇಳಿದು ನಡೆದಿರುತ್ತಾಳೆ, ಓಡಿರುತ್ತಾಳೆ.

ಅವಳು ಮಾಡಿದ ಮೊದಲ ಕೆಲಸ, ಮನೆಯವರ ವಾಟ್ಸಾಪ್ ಗುಂಪಿನಲ್ಲಿ 'ಮೆಣಸಿನ ಅಂಕಿ ಬರ್ತಿಲ್ಲ' ಎಂದು ಹಾಕಿದ್ದು. ಆ ಗುಂಪಿನಲ್ಲಿ ಮೆಣಸೂ ಇದ್ದಳು. ಬೆಳಿಗ್ಗೆ ಮಗಳು ಬಸ್ ಹತ್ತಿದ ಗಳಿಗೆಯಲ್ಲೇ ಗಾಜಕ್ಕ ಅದೇ ಗುಂಪಿನಲ್ಲಿ ಡಂಗುರ ಸಾರಿದ್ದಳು: ನಮ್ಮ ಮೆಣಸು ಮೊದಲ ಸಲ ಒಬ್ಬಳೇ ಹೋಗುತ್ತಿದ್ದಾಳೆ, ಎಲ್ಲರೂ ಧೈರ್ಯ ಹೇಳಿ. ಧೈರ್ಯ ಹೇಳಲು ಯಾರಿಗೆ ಖರ್ಚು? ಅಜ್ಜಿ, ಅಂದರೆ ಗಾಜಕ್ಕನ ತಾಯಿ, ನಾಲ್ಕು ಧ್ವನಿ ಸಂದೇಶ ಕಳಿಸಿದಳು, ಒಂದೊಂದರಲ್ಲೂ ಮೊದಲ ಅರ್ಧ ನಿಮಿಷ ಬರೀ ಕೆಮ್ಮು. ದೊಡ್ಡಪ್ಪ ಮೇಜಿನ ಮೇಲೆ ಫುಟ್‌ಬಾಲು, ನಿಂಬೆಹಣ್ಣು, ಟಾರ್ಚು ಇಟ್ಟು ಗ್ರಹಣ ಹೇಗಾಗುತ್ತದೆ ಎಂದು ಆರು ನಿಮಿಷದ ವಿಡಿಯೊ ಮಾಡಿ, ತಾರಾಲಯದವರು ತಪ್ಪು ಹೇಳಿದರೆ ಕೈ ಎತ್ತಿ ತಿದ್ದು ಎಂದು ಕೊನೆಗೆ ಸೇರಿಸಿದ; ಅದು ಗುಂಪಿಗೆ ಬಂದು ಬಿದ್ದದ್ದು ಹತ್ತೂವರೆ ದಾಟಿದ ಮೇಲೆ. ಈಗ ಅಂಕಿ ಬರುತ್ತಿಲ್ಲ ಎಂದ ಕೂಡಲೇ ಇಬ್ಬರೂ ಮತ್ತೆ ಶುರು ಹಚ್ಚಿಕೊಂಡರು. ಮೆಣಸೇ ಹೇಗಿದ್ದೀಯಾ, ತಿಂದೆಯಾ, ಮುಖ ತೋರಿಸು, ಮಾತಾಡು.

ಗಾಜಕ್ಕ ಅಷ್ಟಕ್ಕೇ ಸುಮ್ಮನಿರುವವಳಲ್ಲ. ಸೆನ್ಸರಿನ ಸಂಪರ್ಕ ತಪ್ಪಿದೆಯೇನೋ ಎಂದುಕೊಂಡು, ಅದನ್ನು ಮತ್ತೆ ಜೋಡಿಸುವುದು ಹೇಗೆಂದು ತನ್ನ ಫೋನಿನಲ್ಲೇ ಒಂದೊಂದು ಹೆಜ್ಜೆ ತೋರಿಸುತ್ತ ಎಂಟು ನಿಮಿಷದ ವಿಡಿಯೊ ತೆಗೆದು ಮಗಳಿಗೆ ಕಳಿಸಿದಳು. ಅಮ್ಮ ಕಳಿಸಿದ್ದನ್ನು ಮೆಣಸು ತೆರೆದು ನೋಡುವುದಿಲ್ಲ ಎಂಬ ಸಿಟ್ಟಿಗೆ, ಬಂದದ್ದೆಲ್ಲ ತಾನಾಗಿಯೇ ಡೌನ್‌ಲೋಡ್ ಆಗಿ ಇಳಿದುಕೊಳ್ಳುವ ಹಾಗೆ ಮಗಳ ಫೋನನ್ನು ಹಿಂದಿನ ತಿಂಗಳೇ ಸರಿಮಾಡಿಟ್ಟಿದ್ದಳು.

ಹನ್ನೊಂದೂ ಕಾಲು. 'ಮೂವತ್ತೈದು ನಿಮಿಷದ ಹಿಂದೆ.'

ಕಣ್ಣು ಮೇಷ್ಟ್ರು ಒಳಗೆ ಬಂದು, ಒಬ್ಬರು ಕಾಯುತ್ತಿದ್ದಾರೆ, ಕನ್ನಡಕ ಆಯಿತೇ ಎಂದು ಕೇಳಿದರು. ಗಾಜಕ್ಕ ಕೊಟ್ಟಳು. ಎರಡೇ ನಿಮಿಷದಲ್ಲಿ ಅದು ವಾಪಸ್ಸು ಬಂತು. ಬಲಗಣ್ಣಿನ ಗಾಜು ಎಡಕ್ಕೆ, ಎಡಗಣ್ಣಿನದು ಬಲಕ್ಕೆ ಕೂತಿತ್ತು. ಹಾಕಿಕೊಂಡವನಿಗೆ ನೆಲ ಓರೆಯಾಗಿ ಕಂಡು ಪಾಪ ಗೋಡೆ ಹಿಡಿದುಕೊಂಡಿದ್ದನಂತೆ. ಹದಿನಾಲ್ಕು ವರ್ಷದಲ್ಲಿ ಗಾಜಕ್ಕ ಇಂಥ ತಪ್ಪು ಮಾಡಿರಲಿಲ್ಲ. ಮೇಷ್ಟ್ರು ಬೈಯಲು ಬಾಯಿ ತೆರೆದವರು ಅವಳ ಮುಖ ನೋಡಿ ಮುಚ್ಚಿದರು. ಗಿರಾಕಿಯನ್ನು ನಾಳೆ ಬರಲು ಹೇಳಿ ಕಳಿಸುತ್ತೇನೆ, ಮೊದಲು ಮಗುವನ್ನು ವಿಚಾರಿಸು ಎಂದರು.

ವಿಚಾರಿಸು ಎಂದರೆ ಹೇಗೆ? ಎಪ್ಪತ್ತರ ಕೆಳಗಿಳಿದರೆ ಫೋನು ಎಂದಿತ್ತು ಒಪ್ಪಂದ. ಅಂಕಿಯೇ ಇಲ್ಲದಿದ್ದರೆ ಅದು ಎಪ್ಪತ್ತರ ಮೇಲೋ ಕೆಳಗೋ? ಇದನ್ನು ಬೆಳಿಗ್ಗೆ ಇಬ್ಬರೂ ಯೋಚಿಸಿರಲಿಲ್ಲ. ಗಾಜಕ್ಕ ಯಂತ್ರದ ಮುಂದೆ ಕೂತು, ಎದ್ದು, ಮತ್ತೆ ಕೂತು, ಕೊನೆಗೆ ಮಗಳಿಗೆ ಫೋನು ಮಾಡಿಯೇಬಿಟ್ಟಳು. ಗಂಟೆ ಹೊಡೆಯಿತು, ಹೊಡೆಯಿತು, ನಿಂತಿತು. ಎತ್ತಲಿಲ್ಲ. ಸಿಟ್ಟಿಗೆ ಎತ್ತಲಿಲ್ಲವೇ, ಎತ್ತಲು ಆಗುತ್ತಿಲ್ಲವೇ? ಟೀಚರಿಗೆ ಮಾಡಿದಳು. ಸ್ವಿಚ್ ಆಫ್. ಗಂಡನಿಗೆ ಮಾಡಿ ಪ್ರಯೋಜನವಿಲ್ಲ, ಸ್ಟೇರಿಂಗಿನ ಮೇಲೆ ಕೈಯಿದ್ದಾಗ ಅವನು ಫೋನು ಮುಟ್ಟುವುದಿಲ್ಲ. ಅವಳ ಕಣ್ಣಿಗೆ ಬಚ್ಚಲುಮನೆಯ ನೆಲ ಕಟ್ಟಿತು.

ಅಷ್ಟರಲ್ಲಿ ನಾದಿನಿಯೇ ಫೋನು ಮಾಡಿದಳು. ಗುಂಪು ನೋಡಿದಳಂತೆ, ನೋಡಿ ತಲೆ ಚಚ್ಚಿಕೊಂಡಳಂತೆ. ಅವಳು ಹೇಳಿದ್ದರ ಸಾರ ಇಷ್ಟು: ಮೆಣಸಿನ ಫೋನಿಗಿರುವುದು ಒಬ್ಬರೇ ನುಸುಳುವಷ್ಟು ಸಂದಿ. ಅದರಲ್ಲಿ ದೊಡ್ಡಪ್ಪನ ಫುಟ್‌ಬಾಲೂ ಅಜ್ಜಿಯ ಕೆಮ್ಮೂ ಸಾಲಾಗಿ ಸಿಕ್ಕಿಹಾಕಿಕೊಂಡು ಕೂತಿವೆ. ಅವು ಇಳಿಯಲು ಗಂಟೆಗಟ್ಟಲೆ ಬೇಕು. ಅವುಗಳ ಮಧ್ಯೆ ಅಂಕಿ ಎಲ್ಲಿಂದ ದಾಟಬೇಕು? ಅಂಕಿ ಬರುತ್ತಿಲ್ಲ ಎಂದು ಇವರು ಕಳಿಸಿದಷ್ಟೂ ಅಂಕಿ ಬರುವುದಿಲ್ಲ.

"ದಿನಬಳಕೆಗೆ ಸಾಕು ಅಂದಿದ್ದೆ ಅತ್ತಿಗೆ, ನಮ್ಮ ಮನೆಯವರ ಪ್ರೀತಿಗೆ ಸಾಕು ಅಂದಿರಲಿಲ್ಲ. ಕಳಿಸಿದವರೆಲ್ಲ ಕಳಿಸಿದ್ದನ್ನ ಅಳಿಸ್ಬೇಕು. ಎಲ್ಲರ ಫೋನಿಂದಲೂ ಹೋಗೋ ಹಾಗೆ. ಈಗಲೇ."

ಗಾಜಕ್ಕ ರಣಚಂಡಿಯಾದಳು. ದೊಡ್ಡಪ್ಪನಿಗೆ ಫೋನು ಮಾಡಿ ಅಳಿಸಿ ಎಂದಳು. ಅವನಿಗೆ ಮುಖ ಊದಿತು. ಟಾರ್ಚು ಸರಿಯಾಗಿ ಬೀಳಲಿ ಎಂದು ಕಿಟಕಿಗೆ ಕಂಬಳಿ ಹೊದಿಸಿ ಮೂರು ಸಲ ತೆಗೆದ ವಿಡಿಯೊ ಅದು. ನಿಮ್ಮ ಗ್ರಹಣ ಬಿಡಲಿ ಮೊದಲು ಭಾವ, ನನ್ನ ಮಗಳಿಗೆ ಹಿಡಿದಿದೆ ಎಂದು ಹೇಳಬಾರದ್ದು ಹೇಳಿದಳು. ಅವನು ಅಳಿಸಿದ. ಅಜ್ಜಿಗೆ ಕಳಿಸುವುದಷ್ಟೇ ಗೊತ್ತು, ಅಳಿಸುವುದು ಗೊತ್ತಿಲ್ಲ. ಒತ್ತಿ ಹಿಡಿ, ಬಿಡಬೇಡ, ಈಗ ಮೇಲೆ ನೋಡು, ಕಸದ ಬುಟ್ಟಿ ಕಾಣುತ್ತದೆ ಎಂದು ನಾಲ್ಕಕ್ಕೆ ನಾಲ್ಕನ್ನೂ ಫೋನಿನಲ್ಲೇ ಅಳಿಸಿಸುವಷ್ಟರಲ್ಲಿ ಗಾಜಕ್ಕನ ಗಂಟಲು ಒಣಗಿತ್ತು. ಅಜ್ಜಿ ಅಳುತ್ತಾ, ನಾನು ಆಡಿದ ಮಾತು ಮಗುವಿಗೆ ಭಾರವಾಯಿತೇ ಎಂದು ಕೇಳಿದಳು.

ಗುಂಪು ಖಾಲಿಯಾಯಿತು. ಗಾಜಕ್ಕ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಪರದೆ ನೋಡುತ್ತಾ ಕೂತಳು. ಒಂದು ನಿಮಿಷ. ಮೂರು ನಿಮಿಷ. 'ಐವತ್ತೈದು ನಿಮಿಷದ ಹಿಂದೆ.' ಸಂದಿ ಖಾಲಿಯಾದ ಮೇಲೂ ಅಂಕಿ ಬರುವುದಿಲ್ಲವೆಂದರೆ ಏನರ್ಥ? ಅವಳು ಬೇರೆ ಅರ್ಥ ಹುಡುಕಲಿಲ್ಲ. ಮುಂದಿನ ಕೋಣೆಗೆ ಹೋಗಿ, ಕಣ್ಣು ಮೇಷ್ಟ್ರ ಮೇಜಿನ ಮೇಲಿನ ಫೋನಿನಿಂದ ತಾರಾಲಯದ ಕಚೇರಿಗೆ ಕರೆ ಮಾಡಿದಳು.

ಎತ್ತಿದವರು ವಯಸ್ಸಾದ ಗುಮಾಸ್ತರು, ನಿಧಾನದ ದನಿ. ಶಾಲೆಯ ಹೆಸರು ಕೇಳಿದರು, ಮಗುವಿನ ಹೆಸರು ಕೇಳಿದರು, ಕಾಯಿಲೆ ಏನೆಂದು ಕೇಳಿದರು. ಎಲ್ಲವನ್ನೂ ಬರೆದುಕೊಂಡ ಹಾಗಿತ್ತು.

"ಪ್ರದರ್ಶನ ನಡೀತಿದೆಯಮ್ಮ, ಇನ್ನೂ ಇಪ್ಪತ್ತೈದು ನಿಮಿಷ ಇದೆ. ಒಳಗೆ ಪೂರ್ತಿ ಕತ್ತಲೆ, ಮುನ್ನೂರು ಮಕ್ಕಳು. ಯಾರು ಎಲ್ಲಿ ಕೂತಿದ್ದಾರೆ ಅಂತ ಹುಡುಕೋಕೆ ಆಗಲ್ಲ. ಜೀವದ ವಿಷಯ ಅಂತ ನೀವು ಹೇಳಿದ್ರೆ, ನಿಲ್ಲಿಸಿ, ಲೈಟ್ ಹಾಕಿಸಿ, ಹೆಸರು ಕೂಗಿಸ್ತೀನಿ. ಹೇಳಿ, ಹಾಕಿಸ್ಲಾ?"

ಗಾಜಕ್ಕ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಮುನ್ನೂರು ಮಕ್ಕಳ ನಡುವೆ ದೀಪ ಹತ್ತಿ, ಮಗಳ ಹೆಸರು ಗಟ್ಟಿಯಾಗಿ ಕೇಳುತ್ತದೆ. ಇನ್ನು ಆ ಮಕ್ಕಳು ಶಾಲೆ ಮುಗಿಯುವವರೆಗೂ ಆಂಬುಲೆನ್ಸು ಕೂಗುತ್ತಾರೆ. ಮನೆಗೆ ಬಂದವಳು ಸೆನ್ಸರ್ ಕಿತ್ತೆಸೆಯುತ್ತಾಳೆ, ಆಡಿದ ಮಾತಿಗೆ ತಪ್ಪುವವಳಲ್ಲ. ಆದರೆ ಆ ಕತ್ತಲಲ್ಲಿ ಹುಡುಗಿ ಕುರ್ಚಿಯಲ್ಲೇ ಕುಸಿದಿದ್ದರೆ? ಅಕ್ಕಪಕ್ಕದವರು ನಿದ್ದೆ ಬಂದಿದೆ ಎಂದುಕೊಂಡು ಸುಮ್ಮನೆ ಮೇಲೆ ನೋಡುತ್ತಿದ್ದರೆ? ಇಪ್ಪತ್ತೈದು ನಿಮಿಷ ಎಂದರೆ ಸಣ್ಣ ಹೊತ್ತಲ್ಲ. ಮಗಳು ಮುಖ ನೋಡದಿದ್ದರೂ ಸರಿ, ಇರಲಿ. ಇದ್ದರೆ ತಾನೆ ಮುನಿಸು?

"ಹಾಕಿಸಿ," ಎಂದಳು.

ಗುಮಾಸ್ತರು ರಿಸೀವರನ್ನು ಮೇಜಿನ ಮೇಲಿಟ್ಟ ಸದ್ದು ಕೇಳಿತು. ಕುರ್ಚಿ ಸರಿಯಿತು, ಚಪ್ಪಲಿಯ ಸದ್ದು ದೂರ ಹೋಯಿತು. ಗಾಜಕ್ಕ ಒಂದು ಕಿವಿಗೆ ರಿಸೀವರು ಒತ್ತಿಕೊಂಡು ಇನ್ನೊಂದು ಕೈಯಲ್ಲಿ ತನ್ನ ಮೊಬೈಲು ತೆರೆದಳು. ಎಲ್ಲರೂ ಅಳಿಸಿದ್ದಾರೆಯೇ ಎಂದು ಗುಂಪನ್ನು ಇನ್ನೊಮ್ಮೆ ನೋಡಿದಳು, ಅಳಿಸಿದ್ದರು. ಅಲ್ಲಿಂದ ಮಗಳ ಹೆಸರು ಒತ್ತಿದಳು. ಅಲ್ಲಿ ಕೂತಿತ್ತು ಅದು. ಅವಳದೇ ಎಂಟು ನಿಮಿಷದ ವಿಡಿಯೊ, ಎಲ್ಲಕ್ಕಿಂತ ದೊಡ್ಡದು, ಎಲ್ಲಕ್ಕಿಂತ ಭಾರದ್ದು. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿರುವಾಗ ಪಕ್ಕದವರ ಎಲೆಯ ನೊಣ ಹುಡುಕುವವರನ್ನು ನೀವೂ ನೋಡಿರುತ್ತೀರಿ. ಮುದಿ ತಾಯಿಯನ್ನು ಅಳಿಸಿ, ಭಾವನಿಗೆ ಬಾಯಿಗೆ ಬಂದದ್ದು ಅಂದು, ಊರವರದ್ದನ್ನೆಲ್ಲ ತೆಗೆಸಿದವಳಿಗೆ ತನ್ನದೂ ಒಂದು ಹೊರೆಯೆಂದು ಹೊಳೆದೇ ಇರಲಿಲ್ಲ. ಅಮ್ಮ ಕಳಿಸಿದ್ದು ಮಗಳಿಗೆ ಅಡ್ಡವಾಗುತ್ತದೆಂದು ಯಾವ ತಾಯಿಗೆ ಹೊಳೆಯುತ್ತದೆ?

ಒತ್ತಿ ಹಿಡಿದು ಅಳಿಸಿದಳು. ಅರ್ಧ ನಿಮಿಷವೂ ಆಗಿರಲಿಲ್ಲ, ಫೋನು ಅಂಗೈಯಲ್ಲಿ ನಡುಗಿತು. ಒಂದಲ್ಲ, ಐವತ್ತೈದು ನಿಮಿಷದ ಅಂಕಿಗಳೆಲ್ಲ ಒಟ್ಟಿಗೆ ಬಂದು ಬಿದ್ದವು. ತೊಂಬತ್ತೊಂದು. ಎಂಬತ್ತಾರು. ಎಂಬತ್ತು. ಎಪ್ಪತ್ತಮೂರು. ಅರವತ್ತಾರು. ಅರವತ್ತೊಂದು. ಗಾಜಕ್ಕ ಹೆಬ್ಬೆರಳಲ್ಲಿ ಕೆಳಗೆ ಸರಿಸಿದಳು. ಅರವತ್ತಮೂರು. ಎಪ್ಪತ್ತೆರಡು. ಎಂಬತ್ತೈದು. ತೊಂಬತ್ತೇಳು. ಕೊನೆಯದು ಹನ್ನೊಂದು ಮೂವತ್ತೈದರದು: ನೂರಾ ಎರಡು, ಬಾಣ ಅಡ್ಡಕ್ಕೆ, ಇಳಿಕೆಯಿಲ್ಲ.

ಇಳಿದದ್ದೂ ಆಗಿತ್ತು, ಏರಿದ್ದೂ ಆಗಿತ್ತು. ಅದರ ಹಿಂದೆಯೇ ಮೆಣಸಿನ ಸಂದೇಶ ಬಂತು, ಹನ್ನೊಂದು ಗಂಟೆ ಎಂಟು ನಿಮಿಷಕ್ಕೆ ಬರೆದದ್ದು. 'ಅಮ್ಮ 66 ಆಯ್ತು. ನಾಲ್ಕು ಸಕ್ಕರೆ ಗುಳಿಗೆ ತಿಂದೆ. ಕತ್ತಲಲ್ಲೇ ತಿಂದೆ, ಯಾರಿಗೂ ಗೊತ್ತಾಗ್ಲಿಲ್ಲ. ಫೋನ್ ಮಾಡ್ಬೇಡ. ಈಗ ಶನಿಗ್ರಹ ಬಂತು ಬಳೆ ಹಾಕ್ಕೊಂಡು.'

"ಬೇಡ," ಎಂದು ಗಾಜಕ್ಕ ರಿಸೀವರಿಗೆ ಹೇಳಿದಳು. "ಬೇಡ, ಹಾಕಿಸ್ಬೇಡಿ. ಸರ್, ಕೇಳಿಸ್ತಿದೆಯಾ?"

ಆ ಕಡೆ ಬರೀ ಮೇಜು. ಅವಳು ದನಿ ಎತ್ತಿದಳು. ಕಣ್ಣು ಮೇಷ್ಟ್ರು ಪರೀಕ್ಷೆಯನ್ನು ಅರ್ಧಕ್ಕೆ ನಿಲ್ಲಿಸಿ ಬಂದು ಪಕ್ಕದಲ್ಲಿ ನಿಂತರು, ಏನು ಮಾಡಬೇಕೆಂದು ಅವರಿಗೂ ತಿಳಿಯಲಿಲ್ಲ. ರಿಸೀವರಿನಲ್ಲಿ ತುಂಬ ದೂರದಿಂದ ಸಂಗೀತದಂಥದ್ದೇನೋ ಕೇಳುತ್ತಿತ್ತು. ಅದು ನಿಂತಿತು. ಆಮೇಲೆ ಮುನ್ನೂರು ಮಕ್ಕಳು ಒಟ್ಟಿಗೆ ಓ ಎಂದು ನಿರಾಸೆಯಿಂದ ಕೂಗಿದ್ದು ಕೇಳಿತು. ಆ ಗದ್ದಲದ ಮೇಲೆ ಗಂಡಸಿನ ದನಿಯೊಂದು ಮಗಳ ಹೆಸರನ್ನು, ಶಾಲೆಯ ಪಟ್ಟಿಯಲ್ಲಿರುವ ಪೂರ್ತಿ ಹೆಸರನ್ನು ಮೈಕಿನಲ್ಲಿ ಎರಡು ಸಲ ಕೂಗಿತು.

ಸ್ವಲ್ಪ ಹೊತ್ತಿನ ಮೇಲೆ ಹೆಜ್ಜೆ ಸದ್ದು ಹತ್ತಿರ ಬಂತು. ಒಂದು ಜೊತೆ ಚಪ್ಪಲಿಯದು, ಒಂದು ಜೊತೆ ಶೂಗಳದು. ರಿಸೀವರು ಕೈ ಬದಲಾಯಿತು.

"ಹೇಳಮ್ಮ," ಎಂದಳು ಮೆಣಸು.

"ಎಷ್ಟಿದೆ?" ಎಂದಳು ಗಾಜಕ್ಕ. ಉತ್ತರ ಅಂಗೈಯಲ್ಲೇ ಇತ್ತು.

"ನೂರಾ ಎರಡು. ಮೆಸೇಜ್ ಹಾಕಿದ್ನಲ್ಲ."

ಈಗ ಬಂತು, ತಪ್ಪು ತನ್ನದೇ, ದಾರಿಗೆ ಅಡ್ಡ ಕೂತಿದ್ದು ತನ್ನದೇ ವಿಡಿಯೊ ಎಂದು ಗಾಜಕ್ಕ ಒಂದೇ ಉಸಿರಿಗೆ ಹೇಳಿದಳು. ಮೆಣಸು ಕೇಳಿಸಿಕೊಂಡಳು. ಬೈಯಲಿಲ್ಲ, ಸೆನ್ಸರಿನ ಮಾತೆತ್ತಲಿಲ್ಲ. ಬೈದಿದ್ದರೆ ಗಾಜಕ್ಕನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ನಕ್ಷತ್ರ ಎಲ್ಲ ಆರಿಸಿಬಿಟ್ರು, ಅಮ್ಮ," ಎಂದಳು.